ಬೋನಿನ ನಾಯಿಗೆ ಕಂಬಿಯಿದೆ, ಜಗಲಿಯ ನಾಯಿಗೆ ಏನಿದೆ? – ಕೊರಳಪಟ್ಟಿಯ ಕತೆ

ಸಂತೆಗೆ ಹೋದರೆ ಇವತ್ತು ನಾಯಿಗೆ ಬೇಕಾದ ಸಾಮಾನು ಬೇಕಾದಷ್ಟು ಸಿಗುತ್ತದೆ. ಕೆಂಪು ಬೆಲ್ಟು, ನೀಲಿ ಬೆಲ್ಟು, ಗೆಜ್ಜೆ ಕಟ್ಟಿದ ಬೆಲ್ಟು, ಉದ್ದದ ಚೈನು, ಗಿಡ್ಡದ ಚೈನು. ಮನೆಗೆ ಪುಟ್ಟ ನಾಯಿಮರಿ ಬಂದ ವಾರದಲ್ಲೇ ಅದರ ಕೊರಳಿಗೆ ಬೆಲ್ಟು ಬೀಳುತ್ತದೆ. ಸ್ವಲ್ಪ ಬೆಳೆದ ಮೇಲೆ ಬೆಲ್ಟಿಗೆ ಚೈನು, ಚೈನಿಗೆ ಜಗಲಿಯ ಕಂಬ. ರಾತ್ರಿ ನಾವು ಬಾಗಿಲು ಹಾಕಿಕೊಂಡು ಒಳಗೆ ಮಲಗುತ್ತೇವೆ. ನಾಯಿ ಹೊರಗೆ, ಕಂಬದ ಬುಡದಲ್ಲಿ.

ಯಾಕೆ ಅಂತ ಕೇಳಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಅದು ಮನೆ ಕಾಯುತ್ತೆ." ಸರಿ, ಒಪ್ಪಿದೆವು. ಆದರೆ ನಾಲ್ಕೈದು ಕೆಜಿ ತೂಗುವ ಆ ಪುಟ್ಟ ನಾಯಿಯನ್ನು ಕಾಯುವವರು ಯಾರು?

ಈ ಪ್ರಶ್ನೆ ಹೊಸದಲ್ಲ. ಎರಡು ಸಾವಿರ ವರ್ಷದ ಹಿಂದಿನ ಕುರಿಗಾಹಿಗಳೂ ಇದನ್ನು ಕೇಳಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರ ನಾಯಿಯ ಕೊರಳಿನಲ್ಲೇ ಇತ್ತು. ನಾವು ಇಂದು ಫ್ಯಾಶನ್ನಿಗೆ, ಇಲ್ಲವೇ ಕಟ್ಟಿಹಾಕಲಿಕ್ಕೆ ಕೊಳ್ಳುವ ಬೆಲ್ಟು ಒಂದು ಕಾಲದಲ್ಲಿ ನಾಯಿಯ ಜೀವ ಉಳಿಸುವ ಕವಚವಾಗಿತ್ತು. ಆ ಕತೆಯನ್ನು ಈ ಸಲ ಹೇಳುತ್ತೇವೆ.

ಮೊದಲು ಹೆಸರು ಬಂತು

ನಾಯಿಯ ಕೊರಳಿಗೆ ಪಟ್ಟಿ ಕಟ್ಟುವುದು ಬಹಳ ಹಳೆಯ ರೂಢಿ. ಸಿಂಧೂ ಬಯಲಿನ ಹರಪ್ಪ ಕಾಲದ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ನಾಯಿ ಬೊಂಬೆಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಕೊರಳ ಸುತ್ತ ಪಟ್ಟಿ ಇದೆ. ಅಂದರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಉಪಖಂಡದ ಜನ ಸಾಕಿದ ನಾಯಿಗೂ ಬೀದಿಯ ನಾಯಿಗೂ ಗುರುತು ಇಟ್ಟುಕೊಂಡಿದ್ದರು ಅಂತ ಊಹಿಸಬಹುದು.

ಈಜಿಪ್ಟಿನಲ್ಲಿ ಇನ್ನೂ ಸ್ಪಷ್ಟವಾದ ಸಾಕ್ಷಿ ಸಿಕ್ಕಿತು. 1899ರಲ್ಲಿ ಅಲ್ಲಿನ ರಾಜರ ಕಣಿವೆಯಲ್ಲಿ ಮೈಹೆರ್ಪ್ರಿ ಎಂಬ ಆಸ್ಥಾನದ ದೊಡ್ಡ ಮನುಷ್ಯನ ಗೋರಿ ತೆರೆದಾಗ ಒಳಗೆ ನಾಯಿಗಳ ಎರಡು ಚರ್ಮದ ಪಟ್ಟಿಗಳಿದ್ದವು. ಸುಮಾರು 3400 ವರ್ಷ ಹಳೆಯವು. ಚರ್ಮಕ್ಕೆ ಬಣ್ಣ ಹಾಕಿ, ಒಂದರ ಮೇಲೆ ಬೇಟೆಯ ಚಿತ್ರ ಬಿಡಿಸಿದ್ದರು. ಒಂದರ ಮೇಲೆ ನಾಯಿಯ ಹೆಸರೇ ಇತ್ತು: ತಂತಾನುಯಿತ್. ಸತ್ತ ಯಜಮಾನನ ಜೊತೆ ಅವನ ನಾಯಿಯ ಪಟ್ಟಿಯನ್ನೂ ಇಟ್ಟು ಕಳಿಸಿದ್ದರು ಅಂದರೆ ಆ ನಾಯಿ ಅವನಿಗೆ ಎಷ್ಟು ಬೇಕಾದದ್ದು ಅಂತ ಯೋಚಿಸಿ.

ಇಲ್ಲಿ ಪಟ್ಟಿ ಹೇಳುವುದು ಒಂದೇ ಮಾತು: ಈ ನಾಯಿಗೆ ಹೆಸರಿದೆ, ಮನೆಯಿದೆ, ಕೇಳುವವರಿದ್ದಾರೆ.

ರೋಮಿನ ಕುರಿಗಾಹಿಯ ಮೊಳೆಪಟ್ಟಿ

ಪಟ್ಟಿ ಕವಚವಾದ ಕತೆಗೆ ರೋಮಿಗೆ ಹೋಗಬೇಕು. ಅಲ್ಲಿ ವಾರೋ ಎಂಬ ಪಂಡಿತನಿದ್ದ. ಬರೀ ಪುಸ್ತಕದ ಪಂಡಿತ ಅಲ್ಲ, ಕುರಿಮಂದೆ ಇಟ್ಟುಕೊಂಡಿದ್ದವನು. ಅವನ ಮಂದೆ ಚಳಿಗಾಲದಲ್ಲಿ ಇಟಲಿಯ ದಕ್ಷಿಣದ ಬಯಲಲ್ಲಿ ಮೇಯುತ್ತಿತ್ತು, ಬೇಸಿಗೆಗೆ ದೂರದ ಬೆಟ್ಟಕ್ಕೆ ಹೋಗುತ್ತಿತ್ತು. ನಮ್ಮ ಬಯಲುಸೀಮೆಯ ಕುರಿಗಾಹಿಗಳು ಮೇವು ಹುಡುಕಿಕೊಂಡು ಜಿಲ್ಲೆ ಜಿಲ್ಲೆ ದಾಟುತ್ತಾರಲ್ಲ, ಅದೇ ರೀತಿ.

ಸುಮಾರು 80ನೇ ವಯಸ್ಸಿನಲ್ಲಿ, ಕ್ರಿಸ್ತಪೂರ್ವ 37ರ ಹೊತ್ತಿಗೆ, ವಾರೋ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಅವನ ಹೆಂಡತಿ ಫುಂಡಾನಿಯಾ ಒಂದು ಜಮೀನು ತಗೊಂಡಿದ್ದಳು. ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅವಳಿಗೆ ಹೇಳುವ ಮಾತಾಗಿ ಪುಸ್ತಕ ಶುರುವಾಗುತ್ತದೆ. ಅದರ ಎರಡನೇ ಭಾಗ ಜಾನುವಾರುಗಳದ್ದು. ಅಲ್ಲಿ ಕುರಿ, ಮೇಕೆ, ಹಂದಿ, ಹಸುವಿನ ಜೊತೆ ನಾಯಿಗೂ ಒಂದು ಅಧ್ಯಾಯ ಕೊಟ್ಟಿದ್ದಾನೆ.

ಅದರಲ್ಲಿ ನಾಯಿಯ ಆರೈಕೆ ಮನೆಯವರಿಗೆ ಹೇಳಿದ ಹಾಗೆ ಬರುತ್ತದೆ. ಹಾಲಲ್ಲಿ ನೆನೆಸಿದ ಜವೆಗೋಧಿ ರೊಟ್ಟಿ ಕೊಡಿ. ನೊಣ, ಉಣ್ಣೆ, ಚಿಗಟ ಕಚ್ಚಿ ಹುಣ್ಣಾಗದಂತೆ ಬಾದಾಮಿಯನ್ನು ನೀರಲ್ಲಿ ಅರೆದು ಕಿವಿಗೂ ಕಾಲ್ಬೆರಳ ಸಂದಿಗೂ ಹಚ್ಚಿ. ಆಮೇಲೆ ಕೊರಳಪಟ್ಟಿಯ ಮಾತು. ಗಟ್ಟಿ ಚರ್ಮದ ಪಟ್ಟಿ ಮಾಡಿ, ಅದರ ತುಂಬ ತಲೆಯಿರುವ ಮೊಳೆ ಹೊಡೆಯಿರಿ. ಮೊಳೆಯ ತಲೆ ನಾಯಿಯ ಕುತ್ತಿಗೆಗೆ ಒತ್ತದಂತೆ ಒಳಗಡೆ ಮೆತ್ತನೆಯ ತೊಗಲು ಹೊಲಿಯಿರಿ.

ಯಾಕೆ ಇಷ್ಟೆಲ್ಲ? ತೋಳ ಮೊದಲು ಬಾಯಿ ಹಾಕುವುದೇ ಕುತ್ತಿಗೆಗೆ. ಕುತ್ತಿಗೆ ಉಳಿದರೆ ನಾಯಿ ಉಳಿಯುತ್ತದೆ.

ಇದರ ಜೊತೆ ವಾರೋ ಇನ್ನೊಂದು ಮಾತು ಸೇರಿಸುತ್ತಾನೆ. ಒಂದು ತೋಳಕ್ಕೆ ಈ ಮೊಳೆ ಚುಚ್ಚಿ ಗಾಯವಾದರೆ, ಪಟ್ಟಿ ಇಲ್ಲದ ಬೇರೆ ನಾಯಿಗಳೂ ಅದರಿಂದ ಪಾರಾಗುತ್ತವೆ ಎನ್ನುತ್ತಾನೆ. ಅಂದರೆ ಪೆಟ್ಟು ತಿಂದ ಮೃಗ ನಾಯಿಯ ಸಹವಾಸವೇ ಬೇಡ ಅಂತ ಕಲಿಯುತ್ತದೆ. ಒಬ್ಬ ಕುರಿಗಾಹಿ ತನ್ನ ನಾಯಿಗೆ ಮಾಡಿದ ಖರ್ಚು ಪಕ್ಕದವನ ನಾಯಿಯನ್ನೂ ಕಾಯಿತು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ವಾರೋನ ನಂತರ, ಕ್ರಿಸ್ತಶಕದ ಮೊದಲ ಶತಮಾನದಲ್ಲಿ, ಕೊಲುಮೆಲ್ಲಾ ಎಂಬ ಇನ್ನೊಬ್ಬ ಬೇಸಾಯದ ಬರಹಗಾರ ಬಂದ. ಕುರಿಮಂದೆಯ ನಾಯಿ ಬಿಳಿ ಬಣ್ಣದ್ದಾಗಿರಲಿ ಎಂದ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಳ ಅಂದುಕೊಂಡು ಕುರಿಗಾಹಿಯೇ ತನ್ನ ನಾಯಿಗೆ ಹೊಡೆದುಬಿಡಬಾರದು ಅಂತ. ನಾಯಿಗೆ ಉದ್ದದ ಹೆಸರು ಬೇಡ, ಎರಡು ಅಕ್ಷರದ ಹೆಸರಿಟ್ಟರೆ ಕೂಗಿದ ತಕ್ಷಣ ಓಡಿ ಬರುತ್ತದೆ ಎಂದ. ನಮ್ಮೂರ ರಾಜ, ಕೆಂಚ, ಟಾಮಿ, ರಾಣಿಯರ ಹೆಸರಿಟ್ಟವರು ಕೊಲುಮೆಲ್ಲಾನನ್ನು ಓದಿದವರಲ್ಲ. ಆದರೂ ಬುದ್ಧಿ ಒಂದೇ.

ಅದೇ ನಾಡಿನಲ್ಲಿ ಚೈನಿಗೆ ಸತ್ತ ನಾಯಿ

ಅದೇ ಇಟಲಿಯಲ್ಲಿ ಪಟ್ಟಿಯ ಇನ್ನೊಂದು ಮುಖವೂ ಸಿಗುತ್ತದೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಎಂಬ ಜ್ವಾಲಾಮುಖಿ ಸಿಡಿದು ಪಾಂಪೇ ಪಟ್ಟಣ ಬೂದಿಯಲ್ಲಿ ಮುಚ್ಚಿಹೋಯಿತು. ಬೂದಿಯಲ್ಲಿ ಹೂತ ದೇಹಗಳು ಕರಗಿದ ಮೇಲೆ ಒಳಗೆ ಅವುಗಳ ಆಕಾರದ ಟೊಳ್ಳು ಉಳಿದಿತ್ತು. ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು ಆಕಾರ ತೆಗೆಯುವ ಉಪಾಯವನ್ನು 19ನೇ ಶತಮಾನದಲ್ಲಿ ಕಂಡುಹಿಡಿದರು.

1874ರಲ್ಲಿ ಹಾಗೆ ಸಿಕ್ಕಿದ್ದು ಒಂದು ನಾಯಿ. ಒಂದು ಮನೆಯ ಬಾಗಿಲ ಹತ್ತಿರ ಕಟ್ಟಿದ್ದ ನಾಯಿ. ಮನೆಯವರು ಅದನ್ನು ಬಿಚ್ಚಿರಲಿಲ್ಲ. ಬೂದಿ, ಕಲ್ಲು ಬಿದ್ದು ಬಿದ್ದು ನೆಲ ಏರುತ್ತಾ ಹೋದಂತೆ ನಾಯಿಯೂ ಅದರ ಮೇಲೆ ಹತ್ತುತ್ತಾ ಹೋಗಿದೆ, ಚೈನು ಇರುವಷ್ಟು ದೂರ. ಆಮೇಲೆ ಚೈನು ಮುಗಿಯಿತು. ಬೆನ್ನು ಅಡಿಯಾಗಿ, ಕಾಲು ಮೇಲಾಗಿ, ಮೈಯೆಲ್ಲ ತಿರುಚಿಕೊಂಡು ಅದು ಸತ್ತ ಭಂಗಿ ಇವತ್ತಿಗೂ ಹಾಗೇ ಇದೆ. ಕೊರಳಲ್ಲಿ ಪಟ್ಟಿಯೂ ಇದೆ.

ಇಬ್ಬರೂ ರೋಮಿನವರೇ. ಬೆಟ್ಟದ ಕುರಿಗಾಹಿ ನಾಯಿಯನ್ನು ಬಿಟ್ಟು ಕೊರಳನ್ನು ಕಾದ. ಪಟ್ಟಣದ ಯಜಮಾನ ಕೊರಳನ್ನು ಕಟ್ಟಿ ನಾಯಿಯನ್ನು ಬಿಟ್ಟು ನಡೆದ. ಪಟ್ಟಿ ಎರಡರಲ್ಲೂ ಇತ್ತು. ಜೀವ ಉಳಿಸಿದ್ದು ಒಂದೇ.

ಹಿಮಾಲಯದ ತಗಡುಪಟ್ಟಿ

ಮೊಳೆಪಟ್ಟಿ ರೋಮಿನ ಜೊತೆ ಸಾಯಲಿಲ್ಲ. ಸ್ಪೇನಿನ ಕುರಿಮಂದೆಯ ನಾಯಿಗಳು, ಟರ್ಕಿಯ ಕಂಗಾಲ್ ನಾಯಿಗಳು ತೋಳಕ್ಕೆ ಎದುರಾಗಿ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕಿಕೊಂಡೇ ಮಂದೆ ಕಾದವು.

ನಮ್ಮ ದೇಶದಲ್ಲೂ ಇದು ಇದೆ. ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ ಗದ್ದಿ, ಭೋಟಿಯಾ ಕುರಿಗಾಹಿಗಳು ದೊಡ್ಡ ಕೂದಲಿನ ನಾಯಿ ಸಾಕುತ್ತಾರೆ. ಅವುಗಳ ಕೊರಳಿಗೆ ಕಬ್ಬಿಣದ ಅಗಲ ಪಟ್ಟಿ ಹಾಕುತ್ತಾರೆ. ಅದರಿಂದ ಹೊರಕ್ಕೆ ಚೂಪು ಮುಳ್ಳು ಚಾಚಿಕೊಂಡಿರುತ್ತವೆ. ಅಲ್ಲಿ ಭಯ ಹೆಚ್ಚಾಗಿ ಚಿರತೆಯದ್ದು. ಚಿರತೆ ಕೊಲ್ಲುವ ರೀತಿ ಗೊತ್ತಲ್ಲ, ಹಾರಿ ಬಂದು ಕುತ್ತಿಗೆಗೋ ಗಂಟಲಿಗೋ ಕಚ್ಚಿ ಬಿಗಿಹಿಡಿಯುವುದು. ಪಟ್ಟಿ ಹಾಕಿದ ನಾಯಿಗೆ ಒಂದು ಕ್ಷಣ ಸಿಗುತ್ತದೆ. ಆ ಕ್ಷಣದಲ್ಲಿ ಉಳಿದ ನಾಯಿಗಳು ನುಗ್ಗುತ್ತವೆ, ಕುರಿಗಾಹಿ ಬೆಂಕಿ, ಬಡಿಗೆ ಹಿಡಿದು ಬರುತ್ತಾನೆ.

ಇಲ್ಲಿ ಮೂರು ವಿಷಯ ಗಮನಿಸಬೇಕು. ಆ ನಾಯಿ ದೊಡ್ಡದು. ಅದು ಒಂಟಿಯಲ್ಲ. ಅದನ್ನು ಕಂಬಕ್ಕೆ ಕಟ್ಟಿಲ್ಲ. ಈ ಮೂರೂ ಸೇರಿದಾಗ ಮಾತ್ರ ಮುಳ್ಳುಪಟ್ಟಿಗೆ ಅರ್ಥ. ನಮ್ಮ ಮನೆಯ ಪುಟ್ಟ ನಾಯಿಗೆ ಅಂಥ ಪಟ್ಟಿ ಹಾಕಿದರೆ ಅದರ ಭಾರಕ್ಕೇ ತಲೆ ಎತ್ತಲಾರದು. ಚಿರತೆ ಅದರ ನಡುವನ್ನೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಯಾರಾದರೂ ಆನ್‌ಲೈನಿನಲ್ಲಿ ಮುಳ್ಳಿನ ಬೆಲ್ಟು ತೋರಿಸಿ "ಇದು ಹಾಕಿದರೆ ಸಾಕು" ಅಂದರೆ ನಂಬಬೇಡಿ.

ಆತಕೂರಿನ ಕಾಳಿ

ಕನ್ನಡ ನಾಡಿನಲ್ಲಿ ನಾಯಿಯ ಕತೆ ಹೇಳುವಾಗ ಆತಕೂರನ್ನು ಬಿಟ್ಟು ಹೇಳಲಾಗದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಈ ಊರಿನ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿಸ್ತಶಕ 949–50. ಕಲ್ಲಿನ ಮೇಲೆ ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರುಬದುರಾಗಿ ಕಾದಾಡುತ್ತಿವೆ.

ಕತೆ ಹೀಗಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಒಂದಾಗಿ ಚೋಳರ ಮೇಲೆ ಕಾದಿದರು. ಚೋಳ ರಾಜಾದಿತ್ಯ ಸತ್ತ. ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಅರಸ ಮೆಚ್ಚಿ "ಏನು ಬೇಕು ಕೇಳು" ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆಮೇಲೆ ಒಂದು ದಿನ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು.

ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಭೂಮಿಯ ಗೊರವ, ಅಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನೂ ಕಲ್ಲಿನಲ್ಲಿ ಕೆತ್ತಿಸಿದ.

ಅಂದರೆ ಸಾವಿರ ವರ್ಷದ ಹಿಂದಿನ ಕನ್ನಡಿಗರಿಗೆ ನಾಯಿಯ ಋಣ ಅಂದರೆ ಏನು ಅಂತ ಗೊತ್ತಿತ್ತು. ನಮ್ಮ ಭಾಷೆಯಲ್ಲಿ "ನಾಯಿಪಾಡು" ಎಂಬ ಮಾತೂ ಇದೆ, ನಾಯಿಗೆ ನಿಲ್ಲಿಸಿದ ಕಲ್ಲೂ ಇದೆ. ಆದರೆ ಒಂದು ವ್ಯತ್ಯಾಸ ನೋಡಿ. ರೋಮಿನ ವಾರೋ ಬರೆದದ್ದು ನಾಯಿ ಬದುಕಿರುವಾಗ ಏನು ಮಾಡಬೇಕು ಅಂತ. ನಾವು ಕಲ್ಲು ನಿಲ್ಲಿಸಿದ್ದು ಅದು ಸತ್ತ ಮೇಲೆ.

ಭಯ ಮನುಷ್ಯನಿಂದಲೇ ಬಂದಾಗ

ಬ್ರಿಟಿಷರ ಕಾಲಕ್ಕೆ ಬಂದರೆ ಹೊರಗೆ ತಿರುಗುವ ನಾಯಿಗೆ ದೊಡ್ಡ ಅಪಾಯ ಸರ್ಕಾರದಿಂದಲೇ ಬಂತು. ಹುಚ್ಚುನಾಯಿ ಭಯದಿಂದ ಬೊಂಬಾಯಿಯಲ್ಲಿ ಬೀದಿನಾಯಿ ಕೊಲ್ಲುವವರಿಗೆ ತಲೆಗೆ ಎಂಟಾಣೆ ಇನಾಮು ಕೊಡುತ್ತಿದ್ದರು. ಇನಾಮಿನ ಆಸೆಗೆ ಮನೆಯ ನಾಯಿಗಳನ್ನೂ ಹಿಡಿಯತೊಡಗಿದರು. ನಾಯಿಯನ್ನು ಪವಿತ್ರವೆಂದು ಕಾಣುವ ಪಾರಸಿ ಜನ 1832ರ ಜೂನಿನಲ್ಲಿ ಬೀದಿಗಿಳಿದು ಗಲಾಟೆ ಮಾಡಿದರು, ಅಂಗಡಿ ಮುಚ್ಚಿದರು.

ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದರು. 1897ರ ನಂತರ ಹೊರಗೆ ಬರುವ ನಾಯಿಗೆ ಬಾಯಿಕುಕ್ಕೆ ಹಾಕುವ ಕಟ್ಟುನಿಟ್ಟು ತಂದರು. ಹೊರಗಿನಿಂದ ಬರುವ ನಾಯಿಯನ್ನು ಬೇರೆ ಇಟ್ಟು ನೋಡುವ ನಿಯಮ ತಂದರು. 1902ರ ಹೊತ್ತಿಗೆ ಅಲ್ಲಿ ಹುಚ್ಚುನಾಯಿ ರೋಗ ನಿಂತಿತು. 1906ರ ಕಾನೂನು, ನಾಯಿಯ ಕೊರಳಪಟ್ಟಿಯ ಮೇಲೆ ಯಜಮಾನನ ಹೆಸರು, ವಿಳಾಸ ಇರಬೇಕೆಂದು ಆದೇಶ ಮಾಡಲು ಅವಕಾಶ ಕೊಟ್ಟಿತು.

ಹೀಗೆ ಪಟ್ಟಿ ಕವಚದ ಕೆಲಸ ಬಿಟ್ಟು ಗುರುತಿನ ಚೀಟಿಯಾಯಿತು. ಊರಿನ ನಾಯಿಗೆ ಅದೂ ಒಂದು ರಕ್ಷಣೆಯೇ. ಆದರೆ ಅದು ಮನುಷ್ಯನಿಂದ ರಕ್ಷಣೆ. ಚಿರತೆಗೆ ವಿಳಾಸ ಓದಲು ಬರುವುದಿಲ್ಲ.

ಬೋನಿನ ಪಾಠ

ಈಗ ನಮ್ಮೂರಿಗೆ ಬರೋಣ. 2022ರ ಸರ್ಕಾರಿ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಕಲ್ಲುಗುಡ್ಡ, ಕಬ್ಬಿನ ಗದ್ದೆ, ಕುರುಚಲು ಸಾಕು. ಮಂಡ್ಯ, ಮೈಸೂರು, ತುಮಕೂರು, ರಾಮನಗರ, ಬಳ್ಳಾರಿ, ಕೊಪ್ಪಳದ ಕಡೆಯ ಓದುಗರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ.

ಕಬ್ಬು ಬೆಳೆಯುವ ಊರಿನಲ್ಲಿ ಚಿರತೆ ಏನು ತಿಂದು ಬದುಕುತ್ತದೆ? ಮಹಾರಾಷ್ಟ್ರದ ಅಕೋಲೆ ಎಂಬ ಕಬ್ಬಿನ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಚಿರತೆಯ ಹಿಕ್ಕೆ ಪರೀಕ್ಷೆ ಮಾಡಿ ಲೆಕ್ಕ ಹಾಕಿದರು. ಚಿರತೆಯ ಆಹಾರದ ತೂಕದಲ್ಲಿ ಶೇಕಡ 87ರಷ್ಟು ಸಾಕುಪ್ರಾಣಿಗಳದ್ದು. ನಾಯಿಯದ್ದೇ ಶೇಕಡ 39. ಆಡು, ಕುರಿಗಿಂತ ನಾಯಿಯೇ ಹೆಚ್ಚು.

ಯಾಕೆ ಹೀಗೆ? ಉತ್ತರ ನಮ್ಮ ಹಿತ್ತಲಲ್ಲೇ ಇದೆ. ಸಂಜೆಯಾದರೆ ಕೋಳಿಗೆ ಗೂಡು, ಕುರಿಗೆ ರೊಪ್ಪ, ದನಕ್ಕೆ ಕೊಟ್ಟಿಗೆ. ಎಲ್ಲವನ್ನೂ ಎಣಿಸಿ ಒಳಗೆ ಹಾಕಿ ಅಗಳಿ ಹಾಕುತ್ತೇವೆ. ಹೊರಗೆ ಉಳಿಯುವುದು ನಾಯಿ ಒಂದೇ. ಹಸಿದು ಬಂದ ಚಿರತೆಗೆ ಬಾಗಿಲಿಲ್ಲದ ಊಟ ಅದೊಂದೇ.

ಈ ಮಾತು ನಿಜವೋ ಅಲ್ಲವೋ ನೋಡಬೇಕಾದರೆ ಅರಣ್ಯ ಇಲಾಖೆಯವರು ಊರಿಗೆ ತಂದಿಡುವ ಬೋನು ನೋಡಿ. ಅದರಲ್ಲಿ ಎರಡು ಭಾಗ. ಹಿಂದಿನ ಚಿಕ್ಕ ಭಾಗದಲ್ಲಿ ಒಂದು ನಾಯಿಯನ್ನೋ ಮೇಕೆಯನ್ನೋ ಇಡುತ್ತಾರೆ. ಮಧ್ಯೆ ಕಬ್ಬಿಣದ ಕಂಬಿ. ನಾಯಿ ಅಲ್ಲಾಡುತ್ತದೆ, ಕುಂಯ್‌ಗುಡುತ್ತದೆ, ಬೊಗಳುತ್ತದೆ. ಓಡಲು ಜಾಗವಿಲ್ಲ. ಆ ಸದ್ದಿಗೆ ಚಿರತೆ ಬರುತ್ತದೆ, ಒಳಗೆ ನುಗ್ಗುತ್ತದೆ, ಬಾಗಿಲು ಬೀಳುತ್ತದೆ.

ಚಿರತೆಯನ್ನು ಕರೆಯಬೇಕಾದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು: ಓಡಲಾಗದ ಪುಟ್ಟ ಪ್ರಾಣಿಯನ್ನು ಕತ್ತಲಲ್ಲಿ ಒಂಟಿಯಾಗಿ ಇಡಬೇಕು. ಜಗಲಿ ಕಂಬಕ್ಕೆ ಚೈನು ಹಾಕಿ ನಾವು ಮಾಡುತ್ತಿರುವುದೂ ಅದನ್ನೇ. ಒಂದೇ ವ್ಯತ್ಯಾಸ, ಬೋನಿನ ನಾಯಿಗೂ ಚಿರತೆಗೂ ಮಧ್ಯೆ ಕಂಬಿ ಇದೆ. ನಮ್ಮ ನಾಯಿಗೂ ಚಿರತೆಗೂ ಮಧ್ಯೆ ಏನೂ ಇಲ್ಲ.

ಬಿಟ್ಟ ನಾಯಿಯಾದರೆ ವಾಸನೆ ಹಿಡಿದ ಕೂಡಲೇ ಹಟ್ಟಿಯೊಳಗೋ ಗಾಡಿಯ ಕೆಳಗೋ ನುಗ್ಗುತ್ತದೆ. ಕಟ್ಟಿದ ನಾಯಿಗೆ ಅದೂ ಇಲ್ಲ. ಪಾಂಪೇಯ ನಾಯಿಯ ಹಾಗೆ, ಚೈನು ಮುಗಿಯುವ ತನಕ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಇದರ ಬಗ್ಗೆ ಮಾತಾಡುತ್ತದೆ. ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಮಿತಿಮೀರಿ ಕಟ್ಟಿಡುವುದು ತಪ್ಪು. ನಾಯಿಯನ್ನು ಓಡಾಡಲು ಬಿಡದೆ ಸದಾ ಕಟ್ಟಿಯೇ ಇಡುವುದೂ ತಪ್ಪು. ಮೋಜಿಗಾಗಿ ಒಂದು ಪ್ರಾಣಿಯನ್ನು ಇನ್ನೊಂದಕ್ಕೆ ಬಲಿಯಾಗುವಂತೆ ಕಟ್ಟುವುದಂತೂ ತಪ್ಪೇ. ಜಗಲಿಯಲ್ಲಿ ಕಟ್ಟುವ ನಮಗೆ ಮೋಜಿನ ಉದ್ದೇಶ ಇಲ್ಲ, ನಿಜ. ಆದರೆ ನಾಯಿಯ ಕಡೆಯಿಂದ ನೋಡಿದರೆ ಫಲ ಬೇರೆಯೇನಲ್ಲ.

ಇದು ನಾಯಿಯ ವಿಷಯ ಮಾತ್ರ ಅಲ್ಲ

"ಒಂದು ನಾಯಿ ಹೋದರೆ ಇನ್ನೊಂದು ಮರಿ ತಂದರಾಯಿತು" ಎನ್ನುವವರೂ ಇದ್ದಾರೆ. ಅವರಿಗೂ ಒಂದು ಮಾತು.

ಒಂದು ಸಲ ಜಗಲಿಯಲ್ಲಿ ಊಟ ಸಿಕ್ಕಿದ ಚಿರತೆ ಇನ್ನೊಂದು ಸಲ ಅದೇ ಜಗಲಿಗೆ ಬರುತ್ತದೆ. ಅದೇ ಜಗಲಿಯಲ್ಲಿ ಬೇಸಿಗೆಯಲ್ಲಿ ಅಜ್ಜಿ ಮಲಗುತ್ತಾಳೆ. ಅದೇ ಅಂಗಳದಲ್ಲಿ ಮಗು ಕತ್ತಲಲ್ಲಿ ಉಚ್ಚೆ ಹೊಯ್ಯಲು ಎದ್ದು ಬರುತ್ತದೆ. 2022ರ ಕೊನೆಯಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಜೀವ ಕಳೆದುಕೊಂಡರು. ಅವಕ್ಕೆಲ್ಲ ನಾಯಿಯೇ ಕಾರಣ ಅಂತ ನಾವು ಹೇಳುತ್ತಿಲ್ಲ. ಚಿರತೆಗೆ ಮನೆಬಾಗಿಲಿಗೆ ಬರುವ ಅಭ್ಯಾಸ ಮಾಡಿಸಬಾರದು ಅಂತಷ್ಟೇ ಹೇಳುತ್ತಿದ್ದೇವೆ.

ಹಿಂದೆ ಊರಿನಲ್ಲಿ ಇದ್ದದ್ದು ನಾಟಿ ನಾಯಿಗಳು. ಅವು ಗುಂಪಾಗಿ ಇರುತ್ತಿದ್ದವು, ಗುಂಪಾಗಿ ಬೊಗಳುತ್ತಿದ್ದವು, ಅಪಾಯ ಕಂಡರೆ ಜಾಗ ಬಿಡುತ್ತಿದ್ದವು. ಈಗ ಪಮೇರಿಯನ್ ಅಂತ ಕರೆಯುವ ಬಿಳಿ ಕೂದಲಿನ ಪುಟ್ಟ ನಾಯಿ ಹಳ್ಳಿಮನೆಗೂ ಬಂದಿದೆ. ಮಕ್ಕಳಿಗೆ ಪ್ರೀತಿ, ಬೊಗಳುವುದರಲ್ಲಿ ಚುರುಕು. ಆದರೆ ಮೈ ಚಿಕ್ಕದು, ಬಣ್ಣ ಬಿಳಿ, ಸದ್ದು ಹೆಚ್ಚು. ಕುರಿಗಾಹಿಗೆ ಕತ್ತಲಲ್ಲಿ ಕಾಣಲಿ ಅಂತ ಕೊಲುಮೆಲ್ಲಾ ಹೇಳಿದ ಅದೇ ಬಿಳಿ ಬಣ್ಣ ಚಿರತೆಗೂ ಚೆನ್ನಾಗಿ ಕಾಣುತ್ತದೆ. ಈ ನಾಯಿ ಕಾವಲುಗಾರ ಅಲ್ಲ. ಬೇಕಾದರೆ ಕರೆಗಂಟೆ ಅನ್ನಿ. ಕರೆಗಂಟೆ ಮನೆಯೊಳಗಿದ್ದರೂ ಬಾರಿಸುತ್ತದೆ.

ಹಾಗಾದರೆ ಏನು ಮಾಡೋಣ?

ಇತಿಹಾಸ ಓದಿ ಸುಮ್ಮನಾಗಬಾರದು. ಖರ್ಚಿಲ್ಲದ, ಇಲ್ಲವೇ ಕಡಿಮೆ ಖರ್ಚಿನ ಕೆಲಸಗಳನ್ನು ಇಲ್ಲಿ ಬರೆದಿದ್ದೇವೆ.

ಒಂದು, ಹೊತ್ತು ಮುಳುಗುವ ಮೊದಲು ನಾಯಿಯನ್ನು ಒಳಗೆ ತನ್ನಿ. ಅಡುಗೆಮನೆಗೆ ಬೇಡವಾದರೆ ಕೊಟ್ಟಿಗೆ, ಸೌದೆಮನೆ, ಬಾಗಿಲಿರುವ ಯಾವ ಜಾಗವಾದರೂ ಆದೀತು. ಬೊಗಳುವುದು ಅಲ್ಲಿಂದಲೂ ಕೇಳಿಸುತ್ತದೆ.

ಎರಡು, ಒಳಗೆ ಜಾಗವೇ ಇಲ್ಲದಿದ್ದರೆ ಗೂಡು ಕಟ್ಟಿ. ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಮೇಲೆ ಅಲ್ಲಾಡದಂತೆ ಬಿಗಿದ ಮುಚ್ಚಿಗೆ, ಮುಂದೆ ಕಬ್ಬಿಣದ ಗ್ರಿಲ್ಲಿನ ಬಾಗಿಲು. ಗ್ರಿಲ್ಲಿನ ಸಂದಿಯಲ್ಲಿ ಚಿರತೆಯ ಪಂಜ ತೂರಬಾರದು, ಅದಕ್ಕೆ ಗಟ್ಟಿ ಜಾಲರಿ ಸೇರಿಸಿ. ಬರೀ ಕೋಳಿಬಲೆ ಸಾಲದು, ಹರಿದುಹೋಗುತ್ತದೆ. ಚಿಲಕ ತಪ್ಪದೆ ಹಾಕಿ. ಗೂಡಿನೊಳಗೆ ಚೈನು ಬೇಡ. ಬೋನಿನ ನಾಯಿಗೆ ಇರುವ ಕಂಬಿ ನಮ್ಮ ನಾಯಿಗೂ ಸಿಗಲಿ ಅನ್ನುವುದಷ್ಟೇ ಇದರ ಲೆಕ್ಕ.

ಮೂರು, ಬೆಲ್ಟು ಇರಲಿ. ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಅದರ ಮೇಲೆ ಅಳಿಸದ ಇಂಕಿನಲ್ಲಿ ನಿಮ್ಮ ಮೊಬೈಲ್ ನಂಬರು ಬರೆಯಿರಿ. ರಸ್ತೆ ಬದಿಯ ಮನೆಯಾದರೆ ಬೆಳಕಿಗೆ ಹೊಳೆಯುವ ಪಟ್ಟಿ ಹಚ್ಚಿದ ಬೆಲ್ಟು ಒಳ್ಳೆಯದು, ಗಾಡಿಯವರಿಗೆ ಕಾಣುತ್ತದೆ. ಮರಿ ಬೆಳೆದಂತೆ ಬೆಲ್ಟು ಸಡಿಲ ಮಾಡುವುದನ್ನು ಮರೆಯಬೇಡಿ.

ನಾಲ್ಕು, ನಸುಕಿನಲ್ಲಿ, ಕತ್ತಲಾದ ಮೇಲೆ ನಾಯಿಯನ್ನು ಹೊರಗೆ ಬಿಡಬೇಕಾದರೆ ಒಂಟಿಯಾಗಿ ಬಿಡಬೇಡಿ. ದೊಡ್ಡವರೊಬ್ಬರು ಟಾರ್ಚು ಹಿಡಿದು ಜೊತೆಗೆ ನಿಲ್ಲಿ. ಮಾತಾಡುತ್ತಾ ಇರಿ. ಈ ಕೆಲಸಕ್ಕೆ ಮಕ್ಕಳನ್ನು ಕಳಿಸಬೇಡಿ.

ಐದು, ಹುಚ್ಚುನಾಯಿ ರೋಗದ ಲಸಿಕೆ. ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಮುಂದೆ ಯಾವಾಗ ಅಂತ ಪಶುವೈದ್ಯರನ್ನು ಕೇಳಿ ತಪ್ಪದೆ ಹಾಕಿಸಿ. ಹೊರಗೆ ಓಡಾಡುವ ನಾಯಿಗೆ ಇದಕ್ಕಿಂತ ದೊಡ್ಡ ಕವಚ ಇಲ್ಲ. ಅದು ನಿಮ್ಮ ಮಕ್ಕಳಿಗೂ ಕವಚ. ಬೇರೆ ಪ್ರಾಣಿ ಕಚ್ಚಿದ ನಾಯಿಯನ್ನು ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.

ಆರು, ಕಣ್ಣೆದುರೇ ಚಿರತೆ ನಾಯಿಯನ್ನು ಹೊತ್ತೊಯ್ದರೂ ಕತ್ತಲಲ್ಲಿ ಹಿಂದೆ ಓಡಬೇಡಿ. ಬಾಗಿಲು ಹಾಕಿ, ಜೋರಾಗಿ ಕೂಗಿ, ದೀಪ ಹಾಕಿ, ಅಕ್ಕಪಕ್ಕದವರಿಗೆ ಫೋನು ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಒಂದು ಮನೆ ಅಲ್ಲ, ಇಡೀ ಕೇರಿ

ವಾರೋ ಹೇಳಿದ ಮಾತು ನೆನಪಿಡಿ ಅಂದಿದ್ದೆವು. ಒಂದು ನಾಯಿಯ ಪಟ್ಟಿಯಿಂದ ಪಟ್ಟಿ ಇಲ್ಲದ ನಾಯಿಗಳೂ ಉಳಿಯುತ್ತವೆ ಎಂಬ ಮಾತು. ನಮ್ಮೂರಿಗೂ ಅದು ಹೊಂದುತ್ತದೆ.

ಕೇರಿಯ ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ರಾತ್ರಿ ನಾಯಿಯನ್ನು ಒಳಗೆ ಹಾಕಿಕೊಂಡರೆ ಚಿರತೆಗೆ ಆ ಕೇರಿ ಸುತ್ತಿ ಸುಸ್ತಾಗುವುದೇ ಲಾಭ. ಬರುವುದನ್ನು ಕಡಿಮೆ ಮಾಡುತ್ತದೆ. ಅದರಿಂದ ಹತ್ತನೇ ಮನೆಯ ನಾಯಿಯೂ, ಯಾರದ್ದೂ ಅಲ್ಲದ ಬೀದಿನಾಯಿಯೂ ಸ್ವಲ್ಪ ಉಸಿರಾಡುತ್ತವೆ. ಅದೇ ಒಂಬತ್ತು ಮನೆಯವರು ಕಟ್ಟಿ ಹೊರಗೆ ಬಿಟ್ಟು, ಒಳಗಿಟ್ಟವರು ಒಬ್ಬರೇ ಆದರೆ ಆ ಒಬ್ಬರ ಜಗಲಿಗೂ ಚಿರತೆ ಬಂದು ಮೂಸಿ ಹೋಗುತ್ತದೆ.

ಕೋಳಿ ಅಂಗಡಿಯ ಕಸವೂ ಹಾಗೆಯೇ. ಊರ ಹೊರಗೆ ಸುರಿದ ಕರುಳು, ಪುಕ್ಕಕ್ಕೆ ನಾಯಿಗಳು ಸೇರುತ್ತವೆ. ನಾಯಿ ಸೇರಿದ ಕಡೆ ಚಿರತೆ ಬರುತ್ತದೆ. ಅದನ್ನು ಗುಂಡಿ ತೋಡಿ ಮುಚ್ಚಿಸುವ ಕೆಲಸ ಒಬ್ಬರಿಂದ ಆಗದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ರೇಷನ್ನು, ರಸ್ತೆ, ನೀರಿನ ಜೊತೆ ಇದನ್ನೂ ಒಂದು ವಿಷಯ ಮಾಡಿ ಬರೆಸಿ.

ಮಣಲೆರ ತನ್ನ ಕಾಳಿಗೆ ಕಲ್ಲು ನಿಲ್ಲಿಸಿದ. ನಾವು ಕಲ್ಲು ನಿಲ್ಲಿಸಬೇಕಿಲ್ಲ, ಭೂಮಿ ಬಿಡಬೇಕಿಲ್ಲ. ಕೋಳಿ ಎಣಿಸಿ ಗೂಡಿಗೆ ಹಾಕುವ ಹೊತ್ತಿನಲ್ಲಿ ನಾಯಿಯನ್ನೂ ಆ ಎಣಿಕೆಗೆ ಸೇರಿಸಿಕೊಂಡರೆ ಸಾಕು.